ಹತ್ತಕ್ಕೆ ನಾಲ್ಕು

ಜೂನ್ ೩

ಸಂಪಾದಕರ ಮೂಲಕ,
'ಒಂದು ಕಪ್, ಹತ್ತು ಅಂಕ' ಅಂಕಣ ಬರೆಯುವವರಿಗೆ

ಮಾನ್ಯರೆ,

ಕಳೆದ ವಾರದ ಸಂಚಿಕೆಯಲ್ಲಿ ತಾವು ನಮ್ಮ ಕೆಫೆಯ ಕ್ಯಾಪುಚಿನೊಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದೀರಿ. ಗ್ರಂಥಾಲಯದ ಎದುರು, ಹಸಿರು ಬಾಗಿಲಿನದು. ಮರೆತಿದ್ದರೆ, ತಾವು ಬರೆದದ್ದನ್ನೇ ಇಳಿಸುತ್ತೇನೆ: "ಹಾಲನ್ನು ಕುದಿಸಿ ಕುದಿಸಿ ಕೊಂದಿದ್ದಾರೆ. ನೊರೆ ಶೇವಿಂಗ್ ಸೋಪಿನದಷ್ಟು ಗಟ್ಟಿ. ಚಮಚ ನೆಟ್ಟರೆ ಕಂಬದ ಹಾಗೆ ನಿಲ್ಲುತ್ತದೆ. ಮೆಷಿನ್ನಿನ ಹಿಂದಿದ್ದವರಿಗೆ ಹಾಲಿನ ಮೇಲೆ ಯಾವುದೋ ಹಳೆಯ ಸಿಟ್ಟಿರಬೇಕು."

ಆ ಮೆಷಿನ್ನಿನ ಹಿಂದಿದ್ದವಳು ನಾನು. ನನಗೆ ಹಾಲಿನ ಮೇಲೆ ಯಾವ ಸಿಟ್ಟೂ ಇಲ್ಲ.

ನಮ್ಮ ಕೆಫೆಯ ಯಜಮಾನರು ಇಪ್ಪತ್ತೆಂಟು ವರ್ಷ ಒಂದು ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ಆಗಿದ್ದವರು. ಮಾತ್ರೆ ಎಣಿಸಿದ ಕೈಯಿಂದಲೇ ಈಗ ಕಾಫಿಬೀಜ ತೂಗುತ್ತಾರೆ. ತಾವು ಬರೆದ ಆ ನಾಲ್ಕು ವಾಕ್ಯಗಳನ್ನು ಅವರು ಕತ್ತರಿಸಿ, ಕೆಂಪು ಗೆರೆ ಎಳೆದು, ನನ್ನ ಕಣ್ಣಿಗೆ ನೇರವಾಗಿ ಬೀಳುವ ಹಾಗೆ ಮೆಷಿನ್ನಿನ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಈಗ ನಾನು ಪ್ರತಿ ಜಗ್ ಹಾಲಿಗೂ ಥರ್ಮಾಮೀಟರ್ ಅದ್ದಬೇಕು, ಡಿಗ್ರಿಯನ್ನು ಪುಸ್ತಕದಲ್ಲಿ ಬರೆಯಬೇಕು, ಪಕ್ಕದಲ್ಲಿ ಸಹಿ ಹಾಕಬೇಕು. ನಿನ್ನೆ ಒಬ್ಬ ಗಿರಾಕಿ "ಏನ್ ಮೇಡಂ, ಹಾಲಿಗೆ ಜ್ವರಾನಾ?" ಎಂದು ಕೇಳಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಗಬೇಕಾಯಿತು.

ತಾವು ಬಂದ ದಿನ ನಾನು ನಲವತ್ತೊಂದು ಕ್ಯಾಪುಚಿನೊ ಮಾಡಿದ್ದೆ. ನಲವತ್ತು ಸರಿಯಾಗಿದ್ದವು. ತಮ್ಮದೊಂದು ಮಾತ್ರ ಹಾಗಿತ್ತು. ಅದನ್ನು ಯಾರಿಗಾಗಿ ಹಾಗೆ ಮಾಡಿದ್ದು ಎಂದು ತಾವು ಒಂದು ಮಾತು ಕೇಳಬಹುದಿತ್ತು. ಅರ್ಧ ಕುಡಿದಿರಿ, ಪುಟ್ಟ ಪುಸ್ತಕದಲ್ಲಿ ಏನೋ ಬರೆದಿರಿ, ಹೊಡೆದು ಹಾಕಿದಿರಿ, ಮತ್ತೆ ಬರೆದಿರಿ, ಹೋದಿರಿ.

ತಿದ್ದುಪಡಿ ಪ್ರಕಟಿಸಿ ಎಂದು ಕೇಳುತ್ತಿಲ್ಲ. ಉತ್ತರ ಬರೆಯಿರಿ, ಅಷ್ಟು ಸಾಕು.

ತಮ್ಮ ತೀರ್ಪಿನಂತೆ,
ಹಾಲಿನ ಕೊಲೆಗಾತಿ


ಜೂನ್ ೧೨

ಮಾನ್ಯರೆ,

ನಿಮ್ಮ ಸಹಿಯನ್ನೇ ಸಂಬೋಧನೆಯಾಗಿ ಬಳಸಲು ಮನಸ್ಸು ಬರಲಿಲ್ಲ.

ಎಂಟು ವರ್ಷಗಳಲ್ಲಿ ನೂರ ಹನ್ನೆರಡು ಕೆಫೆಗಳಿಗೆ ಹೋಗಿದ್ದೇನೆ, ಎಷ್ಟೋ ಕಡೆಗೆ ಮತ್ತೆ ಮತ್ತೆ. ಬೈಗುಳದ ಪತ್ರಗಳು ಹೊಸತಲ್ಲ. ನಿಮ್ಮದು ಬೈಗುಳವಲ್ಲದ್ದರಿಂದ ಉತ್ತರ ಬರೆಯುವುದು ಕಷ್ಟವಾಗಿದೆ.

ನನ್ನ ಕ್ರಮ ಸರಳ. ಒಬ್ಬಳೇ ಹೋಗುತ್ತೇನೆ, ಯಾರೆಂದು ಹೇಳುವುದಿಲ್ಲ, ಬಾಗಿಲ ಹತ್ತಿರ ಕೂರುತ್ತೇನೆ, ನಾಲ್ಕು ನಿಮಿಷದೊಳಗೆ ಕುಡಿಯುತ್ತೇನೆ. ಹಾಲಿಗೆ ಮೂರು ಅಂಕ, ನೊರೆಗೆ ಮೂರು, ಕಾಫಿಗೆ ಮೂರು, ಕಪ್ ಬೆಚ್ಚಗಿದ್ದರೆ ಒಂದು. ಜನರಿಗೆ ಇದು ಸುಖದ ಕೆಲಸದಂತೆ ಕಾಣುತ್ತದೆ. ಕಳೆದ ತಿಂಗಳು ಒಂದು ಕಡೆ ಕಪ್ಪನ್ನು ಸಾಸರಿನ ಬದಲು ಮರದ ಹಲಗೆಯ ಮೇಲೆ ತಂದರು. ಅದು ಜಾರಿ ನನ್ನ ಮಡಿಲಿಗೆ ಬಂತು. ಇನ್ನೊಂದು ಕಡೆ ನೊರೆಯ ಮೇಲೆ ಹಂಸ ಬಿಡಿಸುತ್ತೇನೆಂದು ಹನ್ನೊಂದು ನಿಮಿಷ ತೆಗೆದುಕೊಂಡರು. ಹಂಸ ಬರುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು, ಹಂಸದ ಕತ್ತು ಮುರಿದಿತ್ತು. ಮತ್ತೊಂದು ಕಡೆ ಮೇಜು ಅಲುಗಾಡುತ್ತಿತ್ತು. ಬಗ್ಗಿ ನೋಡಿದರೆ ಅದರ ಕಾಲಿನ ಕೆಳಗೆ ನಾಲ್ಕಾಗಿ ಮಡಚಿ ಇಟ್ಟಿದ್ದು ನನ್ನದೇ ಅಂಕಣ. ಇಷ್ಟಾದರೂ ಹಲ್ಲು ಕಚ್ಚಿಕೊಂಡು ನ್ಯಾಯವಾಗಿ ಅಂಕ ಹಾಕುತ್ತೇನೆ, ಅಥವಾ ಹಾಗೆಂದುಕೊಂಡಿದ್ದೇನೆ.

'ಹಳೆಯ ಸಿಟ್ಟು' ಎಂಬ ವಾಕ್ಯ ಬೇಕಿರಲಿಲ್ಲ. ಚೆನ್ನಾಗಿ ಬಂದಿದೆ ಅನಿಸಿ ಉಳಿಸಿಕೊಂಡೆ. ಚೆನ್ನಾಗಿ ಬಂದ ವಾಕ್ಯ ನಿಜವೇ ಆಗಿರಬೇಕೆಂದಿಲ್ಲ. ಈ ವಯಸ್ಸಿಗೆ ನನಗದು ಗೊತ್ತಿರಬೇಕಿತ್ತು. ಅದಕ್ಕಾಗಿ ಕ್ಷಮೆ ಇರಲಿ.

ಆದರೆ "ಯಾರಿಗಾಗಿ" ಎಂಬ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಕೇಳಿದವಳು ನಾನು. ಬೇರೆ ಯಾರಿಗೋ ಮಾಡಿದ್ದನ್ನು ನನ್ನ ಮುಂದೆ ಇಟ್ಟಿದ್ದರೆ ಅದು ನನ್ನ ತಪ್ಪು ಹೇಗಾಗುತ್ತದೆ?

ನೀವು ಗಮನಿಸಿರುವುದರಿಂದ ಇನ್ನೊಂದು ವಿಷಯ ಒಪ್ಪಿಕೊಳ್ಳುತ್ತೇನೆ. ಮೊದಲು ಬರೆದದ್ದು ಆರು. ಹೊಡೆದು ಹಾಕಿ ನಾಲ್ಕು ಮಾಡಿದೆ. ಆ ಕಪ್ ನನ್ನನ್ನು ರೇಗಿಸಿತು. ಯಾಕೆಂದು ಹೇಳಲಾರೆ.

ಉತ್ತರ ಬಾಕಿ ಉಳಿಸಿಕೊಳ್ಳದ,
ಅಂಕಣಕಾರ್ತಿ


ಜೂನ್ ೨೦

ಲೇ ತಕ್ಕಡಿ,

ಹೌದು ಕಣೇ, ನಾನೇ. ಗುಂಡುಪಿನ್. ನನ್ನ ಕಾಗೆಕಾಲು ಅಕ್ಷರ ನೋಡಿದ ತಕ್ಷಣ ಗೊತ್ತಾಗತ್ತೆ ಅಂತ ಮೊದಲನೇ ಪತ್ರಾನ ಯಜಮಾನರ ಕಂಪ್ಯೂಟರಲ್ಲಿ ಟೈಪ್ ಮಾಡಿದ್ದು. "ಮಾನ್ಯರೆ" ಅಂತ ಬರೆಯೋವಾಗ ನನಗೇ ನಗು ಬಂತು. ನಿನ್ನ ಉತ್ತರ ಓದಿದ ಮೇಲೆ ನಗು ನಿಂತುಹೋಯ್ತು. ಏನೇ ಅದು, ನಾಲ್ಕು ನಿಮಿಷದೊಳಗೆ ಕುಡೀತೀನಿ ಅಂತ? ನೀನಾ?

ಅವತ್ತು ನೀನು ಬಾಗಿಲು ತಳ್ಳಿಕೊಂಡು ಬಂದಾಗಲೇ ಕಂಡೆ. ಕೂದಲು ಅರ್ಧ ಬೆಳ್ಳಗಾಗಿದೆ. ಕುರ್ಚಿ ಒರೆಸಿ ಕೂರೋದು ಮಾತ್ರ ಹಾಗೇ ಇದೆ. ನಾನು ಮೆಷಿನ್ನಿನ ಹಿಂದೆ ಕೂತುಬಿಟ್ಟೆ, ಕೆಳಗಿನ ಕಪಾಟಲ್ಲಿ ಹಾಲಿನ ಡಬ್ಬಿ ಹುಡುಕೋ ಹಾಗೆ. ಯಜಮಾನರು ಬಗ್ಗಿ ನೋಡಿ, "ಯಾಕಮ್ಮಾ, ತಲೆ ಸುತ್ತುತ್ತಾ? ಮಾತ್ರೆ ಕೊಡ್ಲಾ?" ಅಂದ್ರು. "ಇಲ್ಲ ಸಾರ್, ಗಿರಾಕಿ ಬಂದ್ರು" ಅಂದೆ. ಗಿರಾಕಿ ಬಂದ್ರೆ ಅಡಗಿ ಕೂರೋ ಕೆಲಸದವಳನ್ನ ಅವರು ಮೊದಲನೇ ಸಲ ನೋಡಿದ್ದು ಅನ್ಸತ್ತೆ.

ಆಮೇಲೆ ಎದ್ದು ಕಪ್ ಮಾಡಿದೆ. ಇನ್ಶೂರೆನ್ಸ್ ಕ್ಲೇಮ್ ಆಫೀಸಲ್ಲಿ ಅಕ್ಕಪಕ್ಕದ ಮೇಜಲ್ಲಿ ಆರು ವರ್ಷ ಕೂತ್ವಲ್ಲ, ದಿನಾ ನಾಲ್ಕು ಗಂಟೆಗೆ ಕೆಳಗಿನ ಕಾಫಿ ಅಂಗಡಿಗೆ ಇಳಿತಿದ್ವಲ್ಲ, ಆಗ ನೀನು ಏನು ಕೇಳ್ತಿದ್ದೆ? "ಇನ್ನೂ ಬಿಸಿ ಮಾಡಿ. ಇನ್ನೂ. ನೊರೆ ಗಟ್ಟಿಗಿರಲಿ." ಆ ಅಂಗಡಿಯವನು "ಮೇಡಂ, ಇದಕ್ಕಿಂತ ಬಿಸಿ ಮಾಡಿದ್ರೆ ಮೆಷಿನ್ನೇ ಸಿಡಿಯತ್ತೆ" ಅಂತಿದ್ದ. ಚಮಚ ನೆಟ್ಟು, ಅದು ನಿಂತರೆ ಮಾತ್ರ ಕುಡೀತಿದ್ದವಳು ನೀನು. ಅದನ್ನೇ ಮಾಡಿಕೊಟ್ಟೆ. ಮೊದಲನೇ ಗುಟುಕಿಗೆ ಗೊತ್ತಾಗತ್ತೆ, ತಲೆ ಎತ್ತಿ ಹುಡುಕ್ತೀಯ ಅಂದ್ಕೊಂಡೆ.

ನೀನು ತಲೆ ಬಗ್ಗಿಸಿ ಅಂಕ ಹಾಕಿದೆ.

ಆ ಅಂಕಣ ಬರೆಯೋದು ನೀನೇ ಅಂತ ಗೊತ್ತಾಗಿದ್ದು ಆ ಚಮಚದ ಸಾಲು ಅಚ್ಚಾದ ಮೇಲೆ. ಇನ್ನು ವಿಷಯ. ನನ್ನದೇ ಕೆಫೆ ಮೂರು ವರ್ಷ ನಡೆಸಿ ಮುಚ್ಚಿದ್ದು ನಿನಗೆ ಗೊತ್ತಿರಬಹುದು. ಆಮೇಲೆ ಅವರಿವರ ಮೆಷಿನ್ನು. ಸೆಪ್ಟೆಂಬರಲ್ಲಿ ನಿಮ್ಮ ಪತ್ರಿಕೆ 'ವರ್ಷದ ಹತ್ತು ಕಪ್' ಪಟ್ಟಿ ಹಾಕತ್ತಲ್ಲ, ಅದರಲ್ಲಿ ನಮ್ಮ ಹೆಸರು ಬರದಿದ್ದರೆ ಮೆಷಿನ್ನು ಹೊಸ ಹುಡುಗಿಗೆ, ನಾನು ಹಿಂದುಗಡೆ ಕಪ್ ತೊಳೆಯೋಕೆ. ಯಜಮಾನರು ಕೆಟ್ಟವರಲ್ಲ. ಅವರಿಗೆ ಅಚ್ಚಾದದ್ದೆಲ್ಲ ಡಾಕ್ಟರ ಚೀಟಿ. ಈ ನಲವತ್ತೇಳನೇ ವಯಸ್ಸಲ್ಲಿ ನನ್ನ ಕೈಗೆ ಬರೋದು ಇದೊಂದೇ ಕೆಲಸ ಕಣೇ. ಅದನ್ನೂ ನೀನೇ ಬಂದು ಕಿತ್ಕೋಬೇಕಾ?

ಅಡಗಿ ಕೂತಿದ್ದ,
ಗುಂಡುಪಿನ್


ಜುಲೈ ೧೪

ಗುಂಡುಪಿನ್,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಐದು ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಕ್ಷಮೆ, ಎರಡನೆಯದರಲ್ಲಿ ಬರೀ ಸಮರ್ಥನೆ. ಉಳಿದ ಮೂರರಲ್ಲಿ ಎರಡೂ ಸಮಪ್ರಮಾಣದಲ್ಲಿ ಬೆರೆತು ಯಾವುದೋ ಕಂಪನಿಯ ಪ್ರಕಟಣೆಯಂತೆ ಕೇಳುತ್ತಿತ್ತು. ಇದು ಆರನೆಯದು. ತಿರುಗಿ ಓದದೆ ಅಂಚೆಗೆ ಹಾಕುತ್ತೇನೆ.

ಮೊದಲು ಸಿಟ್ಟು. ನೀನು ಎದ್ದು ನಿಲ್ಲಬಹುದಿತ್ತು. ಹನ್ನೊಂದು ವರ್ಷದ ಮೇಲೆ ಒಬ್ಬಳನ್ನು ಕಂಡು, ಹಾಲಿನ ಡಬ್ಬಿಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು, ಆಮೇಲೆ ಕಪ್ ಕಳಿಸಿ ಅದೇ ಮಾತಾಡಲಿ ಎಂದರೆ ಹೇಗೆ? ಕಪ್ ಮಾತಾಡುವುದಿಲ್ಲ. ಎಂಟು ವರ್ಷದಿಂದ ಅವುಗಳ ಮುಂದೆ ಕೂತಿದ್ದೇನೆ, ನನಗೆ ಗೊತ್ತು.

ಇದನ್ನು ಬರೆದ ಮೇಲೆ ಅನುಮಾನ ಬರುತ್ತಿದೆ. ಆರನ್ನು ನಾಲ್ಕು ಮಾಡಿದ್ದು ಯಾಕೆ? ಮೊದಲ ಗುಟುಕಿಗೇ ಆಫೀಸಿನ ಕೆಳಗಿನ ತಗಡಿನ ಮೇಜು ಕಣ್ಣಿಗೆ ಬಂತು. ಮೆಟ್ಟಿಲ ಫಿನೈಲ್ ವಾಸನೆ, ನಿನ್ನ ಕೊಡೆಯಿಂದ ನನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿದ್ದ ನೀರು. ನಾನು ಅದನ್ನೆಲ್ಲ ಕೇಳಿರಲಿಲ್ಲ. ಒಂದು ಕ್ಯಾಪುಚಿನೊ ಕೇಳಿದ್ದೆ. ಕೇಳದ್ದನ್ನು ಕೊಟ್ಟರೆಂದು ಎರಡು ಅಂಕ ಕಳೆದೆ. ಅದು ಹಾಲಿನ ತಪ್ಪಲ್ಲ.

ಅಂಕಣ ಶುರುಮಾಡುವ ಮೊದಲು ಎರಡು ದಿನದ ತರಬೇತಿಗೆ ಹೋಗಿದ್ದೆ. ಅರವತ್ತೈದು ಡಿಗ್ರಿ ದಾಟಿದರೆ ಹಾಲಿನ ಸಿಹಿ ಹೋಗುತ್ತದೆ ಎಂದು ಅಲ್ಲಿ ನಮ್ಮ ತಲೆಗೆ ತುಂಬಿದರು. ಅವತ್ತಿನಿಂದ ಬಿಸಿ ಕೇಳಿಲ್ಲ. ನೀನು ಬರೆದ ಮೇಲೆ ಯೋಚಿಸುತ್ತಿದ್ದೇನೆ. ಆಗ ಅಷ್ಟು ಬಿಸಿ ಯಾಕೆ ಬೇಕಿತ್ತು? ಗೊತ್ತಾಗುತ್ತಿಲ್ಲ.

ಈ ಮೂರು ವಾರದಲ್ಲಿ ಮೂರು ಕೆಫೆಗಳಿಗೆ ಹೋದೆ. ಒಂದಕ್ಕೂ ಅಂಕ ಹಾಕಲಾಗಲಿಲ್ಲ. ಕೊನೆಯ ಕಡೆ, ಕಪ್ ತೆಗೆಯಲು ಬಂದ ಹುಡುಗಿ "ಹೇಗಿತ್ತು ಮೇಡಂ?" ಎಂದಳು.

"ಗೊತ್ತಿಲ್ಲ."

"ಕುಡಿದ್ರಲ್ಲಾ?"

"ಕುಡಿದೆ."

"ಮತ್ತೆ?"

"ಮತ್ತೇನಿಲ್ಲ, ಖಾಲಿಯಾಯ್ತು."

ಅವಳು ಇನ್ನೊಬ್ಬಳ ಹತ್ತಿರ ಹೋಗಿ ಏನೋ ಪಿಸುಗುಟ್ಟಿದಳು. ಇಬ್ಬರೂ ನನ್ನ ಕಡೆ ಕರುಣೆಯಿಂದ ನೋಡಿದರು.

ನಾವು ತೆರೆಯಬೇಕಿದ್ದ ಕೆಫೆಯ ಬಾಡಿಗೆ ಕರಾರಿಗೆ ಸಹಿ ಹಾಕುವ ದಿನ ನಾನು ಮನೆಯಲ್ಲೇ ಕೂತಿದ್ದೆ ಎಂದು ನೀನು ತಿಳಿದಿದ್ದೀಯ. ಹಾಗಲ್ಲ. ಹೊರಟಿದ್ದೆ. ಬಸ್ಸಿನಿಂದ ಎರಡು ಸ್ಟಾಪ್ ಮೊದಲೇ ಇಳಿದೆ. ಒಂದು ಬೆಂಚಿನ ಮೇಲೆ ಕೂತು, ಖಾಲಿ ಕ್ಲೇಮ್ ಫಾರಮ್ಮಿನ ಹಿಂದೆ, ನಾವಿಬ್ಬರೂ ಸೇರಿ ಕೆಫೆ ತೆರೆಯಬಾರದು ಎಂಬುದಕ್ಕೆ ಹದಿನಾರು ಕಾರಣ ಬರೆದೆ. ಕೊರಿಯರಿನಲ್ಲಿ ನಿನಗೆ ಕಳಿಸಿದೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಹದಿನೇಳನೆಯದನ್ನು ಬರೆಯಲಿಲ್ಲ, ಅಷ್ಟೆ.

ಪಟ್ಟಿಗಾಗಿ ಆಗಸ್ಟ್‌ನಲ್ಲಿ ಎಲ್ಲ ಕೆಫೆಗಳಿಗೂ ಇನ್ನೊಮ್ಮೆ ಅಂಕ ಹಾಕುವ ಪದ್ಧತಿಯಿದೆ. ನಿಮ್ಮದಕ್ಕೆ ಎಂಟು ಹಾಕುತ್ತೇನೆ. ಬರುವ ಅಗತ್ಯವೂ ಇಲ್ಲ. ನಲವತ್ತು ಕಪ್ ಸರಿಯಾಗಿದ್ದವೆಂದು ನೀನೇ ಹೇಳಿದ್ದೀಯ, ನಂಬುತ್ತೇನೆ. ನಿನ್ನ ಕೆಲಸ ಉಳಿಯುತ್ತದೆ.

ಇದಕ್ಕಿಂತ ಹೆಚ್ಚು ಮಾಡಲು ತಿಳಿಯದ,
ತಕ್ಕಡಿ


ಜುಲೈ ೨೧

ತಕ್ಕಡಿ,

ಎಂಟು ಹಾಕ್ತೀನಿ, ಬರೋದಿಲ್ಲ. ವಾಹ್. ಹನ್ನೊಂದು ವರ್ಷದಲ್ಲಿ ಏನೂ ಬದಲಾಗಿಲ್ಲ ಕಣೇ ನೀನು. ಆಗ ಹದಿನಾರು ಕಾರಣ ಕಳಿಸಿದೆ, ಬರಲಿಲ್ಲ. ಈಗ ಎಂಟು ಅಂಕ ಕಳಿಸ್ತೀಯ, ಬರಲ್ಲ. ನಿನ್ನ ಹತ್ತಿರ ಯಾವಾಗಲೂ ಕಾಗದ ಇರತ್ತೆ, ಕಾಲು ಮಾತ್ರ ಇರಲ್ಲ.

ಕರುಣೆ ಅಂಕ ಹಾಕಿದರೆ ನಾನೇ ಯಜಮಾನರಿಗೆ ಹೇಳ್ತೀನಿ, ಇವಳು ಕುಡಿಯದೆ ಹಾಕಿದಾಳೆ ಅಂತ. ಆಮೇಲೆ ಸಂತೋಷವಾಗಿ ಕಪ್ ತೊಳೀತೀನಿ.

ನನ್ನ ಕೆಫೆ ತೆರೆದ ದಿನ ಒಂದು ಕುರ್ಚಿ ಖಾಲಿ ಇಟ್ಟಿದ್ದೆ. ಬಾಗಿಲ ಹತ್ತಿರದ್ದು. ಬಂದವರನ್ನೆಲ್ಲ "ಅಲ್ಲಿ ಬೇಡ ಸಾರ್, ಇಲ್ಲಿ ಬನ್ನಿ" ಅಂತ ಎಬ್ಬಿಸ್ತಾ ಇದ್ದೆ. ಒಂದು ವಾರ ಆದಮೇಲೆ ನಮ್ಮ ಅಣ್ಣ "ಯಾರಿಗೇ ಇದು, ರಾಜಕುಮಾರಿಗಾ?" ಅಂತ ಬೈದು ತಾನೇ ಕೂತ. ಮೂರು ವರ್ಷ. ಒಂದು ದಿನ ಬಂದು ಚೆನ್ನಾಗಿಲ್ಲ ಅಂತಾದರೂ ಹೇಳಬಾರದಾಗಿತ್ತಾ? ಊರಲ್ಲಿರೋ ನೂರ ಹನ್ನೆರಡು ಕಡೆ ಹೋಗಿದೀಯ. ಅದೊಂದು ಬಿಟ್ಟು.

ಇಲ್ಲಿ ಹೊಸ ಹುಡುಗಿ ಬಂದಿದಾಳೆ. ಎಲೆ, ಹೃದಯ, ನವಿಲು ಎಲ್ಲ ಬಿಡಿಸ್ತಾಳೆ. ಯಜಮಾನರು ನವಿಲನ್ನ ಭೂತಕನ್ನಡಿ ಹಿಡಿದು ನೋಡಿ, "ಇದಕ್ಕೆಷ್ಟು ಸೆಕೆಂಡು?" ಅಂತ ಬರ್ಕೊಂಡ್ರು.

ಬರೋದಾದರೆ ಬಂದು ಕುಡಿದು ಅಂಕ ಹಾಕು. ಇಲ್ಲದಿದ್ದರೆ ಬರೀಬೇಡ.

ಕೈ ಒದ್ದೆಯಾಗಿರುವ,
ಗುಂಡುಪಿನ್


ಆಗಸ್ಟ್ ೯

ಗುಂಡುಪಿನ್,

ಸಂಪಾದಕರನ್ನು ಕಂಡೆ. ಅಂಕ ಹಾಕುವವಳಿಗೂ ಕಪ್ ಮಾಡಿದವಳಿಗೂ ಪರಿಚಯವಿದ್ದರೆ ಏನು ಮಾಡಬೇಕೆಂದು ಕೇಳಿದೆ. ಅವರು ಪ್ರೂಫ್ ತಿದ್ದುತ್ತಾ ತಲೆ ಎತ್ತದೆ, "ಮೇಡಂ, ಅದು ಕಾಫಿ. ಹೈಕೋರ್ಟ್ ತೀರ್ಪಲ್ಲ" ಎಂದರು.

"ಆದ್ರೂ ಸಾರ್, ನಿಯಮ ಅಂತ ಒಂದಿರತ್ತಲ್ಲ."

"ನಿಯಮ ಒಂದೇ. ನೀವು ಯಾರು ಅಂತ ಅಂಗಡಿಯವರಿಗೆ ಗೊತ್ತಾಗಬಾರದು. ಗೊತ್ತಾದ ದಿನ ಅಂಕಣ ಮುಗೀತು. ಎಲ್ಲರೂ ನಿಮಗೊಬ್ರಿಗೇ ಚೆನ್ನಾಗಿ ಮಾಡ್ಕೊಡ್ತಾರೆ, ಓದೋರಿಗೆ ಏನುಪಯೋಗ?" ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾಕೆ, ಯಾರಿಗಾದ್ರೂ ಗೊತ್ತಾಗಿದ್ಯಾ?"

"ಇಲ್ಲ" ಎಂದೆ. ಎಂಟು ವರ್ಷದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು.

ಈ ಅಂಕಣ ನನಗೆಷ್ಟು ಬೇಕು ಎಂದು ನನ್ನನ್ನೇ ಕೇಳಿಕೊಂಡೆ. ತುಂಬ ಬೇಕು. ವಾರವಿಡೀ ಬೇರೆಯವರ ಕಾಗುಣಿತ ತಿದ್ದುವವಳಿಗೆ ವಾರಕ್ಕೊಂದು ಪುಟ ನನ್ನದು. ಜನ ಬಸ್ಸಿನಲ್ಲಿ ಅದನ್ನು ಓದಿ ನಗುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತೇನೆ. ಅಷ್ಟು ಸಂತೋಷ ಬೇರೆಲ್ಲೂ ಸಿಕ್ಕಿಲ್ಲ.

ನಿನ್ನ ಖಾಲಿ ಕುರ್ಚಿಯ ವಿಷಯ ಓದಿ ಎರಡು ದಿನ ಏನೂ ಮಾಡಲಾಗಲಿಲ್ಲ. ನಾನು ಬಂದಿದ್ದೆ. ಮೂರು ಸಲ. ಎದುರಿನ ಚಪ್ಪಲಿ ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದೆ. ನೀನು ಜಗ್ ಎತ್ತಿ ಕಿವಿಯ ಹತ್ತಿರ ಹಿಡಿದು ಹಾಲಿನ ಸದ್ದು ಕೇಳುತ್ತಿದ್ದೆ. ಎಲ್ಲಿ ಕಲಿತೆಯೋ. ಮೂರನೆಯ ಸಲ ಚಪ್ಪಲಿ ಅಂಗಡಿಯವರು "ಒಳಗೆ ಬನ್ನಿ ಮೇಡಂ, ಎಷ್ಟು ದಿನ ಹೊರಗಿಂದಾನೇ ನೋಡ್ತೀರಾ" ಎಂದರು. ಮುಜುಗರವಾಗಿ ಒಂದು ಜೊತೆ ಚಪ್ಪಲಿ ಕೊಂಡು ಬಂದೆ. ನನ್ನ ಅಳತೆಯದೂ ಅಲ್ಲ.

ಹದಿನೇಳನೆಯ ಕಾರಣ ಇದು. ನಿನಗೆ ಆ ಕೆಲಸ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುತ್ತಿರುತ್ತೇನೆ, ಒಂದು ದಿನ ನಿನಗೆ ಬೇಸರವಾಗುತ್ತದೆ ಎಂದು ಹೆದರಿದೆ. ಕೊನೆಗೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡೆ.

ಆಗಸ್ಟ್ ಇಪ್ಪತ್ತಮೂರು, ನಾಲ್ಕು ಗಂಟೆ. ಬರುತ್ತೇನೆ. ಎಲ್ಲರಿಗೂ ಮಾಡುವ ಹಾಗೆ ಮಾಡು. ನೀನು ಪರಿಚಯದವಳಂತೆ ಕಾಣಿಸಿಕೊಳ್ಳಬೇಡ. ಬಂದ ಅಂಕ ಹಾಕುತ್ತೇನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಚಪ್ಪಲಿ ಇನ್ನೂ ಇಟ್ಟುಕೊಂಡಿರುವ,
ತಕ್ಕಡಿ


ಆಗಸ್ಟ್ ೧೫

ನೀನು ಬರ್ತೀಯ ಅಂತ ನಂಬಿ ಏನೂ ಮಾಡಲ್ಲ. ಹಾಲು ಮಾತ್ರ ತರಿಸಿಡ್ತೀನಿ. ಹೇಗೂ ದಿನಾ ತರಿಸ್ತೀವಿ.

ಎರಡು ಸ್ಟಾಪ್ ಮೊದಲೇ ಇಳಿಬೇಡ.

ಗು.


ಆಗಸ್ಟ್ ೨೬

ಗುಂಡುಪಿನ್,

ನೀನು ಮೆಷಿನ್ನಿನ ಆಚೆಗಿದ್ದೆ, ಅದು ಸದ್ದು ಮಾಡುತ್ತಿತ್ತು. ಈಚೆ ಕಡೆ ಏನಾಯಿತೆಂದು ನಿಮ್ಮ ಯಜಮಾನರು ತಮ್ಮದೇ ರೀತಿಯಲ್ಲಿ ಹೇಳಿರುತ್ತಾರೆ. ನನ್ನ ರೀತಿಯಲ್ಲೂ ಕೇಳು.

ಮೊದಲ ಕಪ್ ಅವರೇ ತಂದರು. ಎರಡೂ ಕೈಯಲ್ಲಿ ಹಿಡಿದು, ರೋಗಿಗೆ ಔಷಧಿ ತರುವ ಹಾಗೆ. ತಪ್ಪು ಹುಡುಕಿದೆ. ಸಿಗಲಿಲ್ಲ. ಹಾಲು ಸಿಹಿಯಾಗಿತ್ತು, ನೊರೆ ರೇಷ್ಮೆಯಂತೆ ಹೊಳೆಯುತ್ತಿತ್ತು, ಕಪ್ ಬೆಚ್ಚಗಿತ್ತು. ಪುಸ್ತಕದಲ್ಲಿ ಒಂಬತ್ತು ಎಂದು ಬರೆದೆ. ನೂರ ಹನ್ನೆರಡು ಕೆಫೆಗಳಲ್ಲಿ ಒಂಬತ್ತು ಬರೆದದ್ದು ಎರಡೇ ಸಲ. ನಾಲ್ಕು ನಿಮಿಷಕ್ಕೆ ಕಪ್ ಖಾಲಿ. ನಿಯಮದ ಪ್ರಕಾರ ಕೆಲಸ ಮುಗಿದಿತ್ತು. ಪಟ್ಟಿಯಲ್ಲಿ ನಿಮ್ಮ ಹೆಸರು, ಮೆಷಿನ್ನು ನಿನಗೆ, ಅಂಕಣ ನನಗೆ. ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ.

ಬಾಗಿಲವರೆಗೂ ಹೋದೆ. ಹಿಡಿಯ ಮೇಲೆ ಕೈಯಿತ್ತು. ನಿನ್ನನ್ನು ನೋಡಿಯೇ ಇರಲಿಲ್ಲ. ಮೆಷಿನ್ನಿನ ಮೇಲಂಚಿನಲ್ಲಿ ನಿನ್ನ ಕೂದಲ ಗಂಟು ಮಾತ್ರ ಕಾಣುತ್ತಿತ್ತು. ಇಷ್ಟಕ್ಕೇ ಬಂದೆನೇ ಎಂದು ನನ್ನ ಮೇಲೆ ಎಂಥ ರೇಗು ಬಂತೆಂದರೆ, ವಾಪಸು ಹೋಗಿ ದೊಪ್ಪೆಂದು ಕೂತೆ.

"ಇನ್ನೊಂದು ಕ್ಯಾಪುಚಿನೊ" ಎಂದೆ. "ತುಂಬ ಬಿಸಿ ಇರಬೇಕು. ಕುದಿಯೋ ಅಷ್ಟು. ನೊರೆ ಗಟ್ಟಿಗಿರಲಿ, ಚಮಚ ನಿಲ್ಲಬೇಕು."

ನಿಮ್ಮ ಯಜಮಾನರ ಮುಖ ನೋಡಬೇಕಿತ್ತು. "ಮೇಡಂ, ಅದನ್ನ ಕೊಡೋಕಾಗಲ್ಲ."

"ಯಾಕೆ?"

"ಅದಕ್ಕೆ ಪತ್ರಿಕೇಲಿ ನಾಲ್ಕು ಅಂಕ ಬಿದ್ದಿದೆ." ಗೋಡೆಯತ್ತ ಕೈ ತೋರಿಸಿದರು. "ನೋಡಿ, ಕೊಂದಿದ್ದಾರೆ ಅಂತ ಬರೆದಿದ್ದಾರೆ. ತಿಳಿದವರು ಬರೆದದ್ದು."

"ತಿಳಿದವರೇನಲ್ಲ ಸಾರ್, ನಾನು ಕೇಳ್ತಾ ಇದೀನಲ್ಲ, ಕೊಡಿ."

"ನೀವು ಕೇಳಿದ್ರೂ ನಾನು ಕೊಡಬಾರದು. ನಾಳೆ ಅವರು ಮತ್ತೆ ಬಂದು ನೋಡಿದ್ರೆ? ಅವರು ಹೇಗಿರ್ತಾರೋ ಯಾರಿಗೂ ಗೊತ್ತಿಲ್ಲ. ಈಗಲೇ ಇಲ್ಲೇ ಕೂತಿರಬಹುದು." ಅವರು ದನಿ ತಗ್ಗಿಸಿ ಸುತ್ತ ನೋಡಿದರು. ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದವರ ಮೇಲೆ ಅವರಿಗೆ ಗುಮಾನಿಯಿತ್ತು.

ನಾನು ಹತ್ತೆಣಿಸಿದೆ. ಈ ಮನುಷ್ಯ ನಾನು ಬರೆದದ್ದನ್ನೇ ನನಗೆ ತೋರಿಸಿ, ನಾನು ಕೇಳಿದ್ದನ್ನು ನನಗೇ ಕೊಡುವುದಿಲ್ಲ ಎನ್ನುತ್ತಿದ್ದಾನೆ. ಎಂಟು ವರ್ಷದಲ್ಲಿ ನನ್ನ ಮಾತನ್ನು ಇಷ್ಟು ಗಂಭೀರವಾಗಿ ಪಾಲಿಸಿದವರು ಇನ್ನೊಬ್ಬರಿಲ್ಲ.

"ಅದನ್ನ ಬರೆದವಳು ನಾನೇ ಸಾರ್" ಎಂದೆ.

ಜೋರಾಗಿ ಹೇಳಿದೆ ಅನಿಸುತ್ತದೆ. ಕಿಟಕಿಯ ಹತ್ತಿರದವರು ತಿರುಗಿದರು. ಗ್ರಂಥಾಲಯದ ಇಬ್ಬರು ತಿರುಗಿದರು. ನಿಮ್ಮ ಹೊಸ ಹುಡುಗಿ ನವಿಲನ್ನು ಅರ್ಧಕ್ಕೆ ಬಿಟ್ಟಳು. ಪುಸ್ತಕ ತೆಗೆದು ಅವರ ಮುಂದೆ ಇಟ್ಟೆ, ಹಳೆಯ ಪುಟ ತೆರೆದು, ಹೊಡೆದು ಹಾಕಿದ ಆರನ್ನೂ ಪಕ್ಕದ ನಾಲ್ಕನ್ನೂ ತೋರಿಸಿದೆ. "ನಾಲ್ಕು ತಪ್ಪು. ಆ ಕಪ್ ಮಾಡಿದವರು ನನಗೆ ಹೇಗೆ ಬೇಕು ಅಂತ ನನಗಿಂತ ಚೆನ್ನಾಗಿ ತಿಳಿದವರು. ಈಗ ಕೊಡ್ತೀರಾ?"

ಅವರು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಆಮೇಲೆ, "ರೋಗಿನ ನೋಡದೆ ಚೀಟಿ ಬರೆದ ಹಾಗಾಯ್ತಲ್ಲ ಮೇಡಂ" ಎಂದರು. ಬೈದದ್ದೋ ಸಮಾಧಾನ ಹೇಳಿದ್ದೋ ತಿಳಿಯಲಿಲ್ಲ.

ಅಲ್ಲಿಂದ ಮುಂದಿನದು ನಿನಗೆ ಗೊತ್ತು. ಕಪ್ ನೀನೇ ತಂದೆ. ಎದುರಿಗೆ ಕೂತೆ. ನಾನು ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ನೀನು ಬಾಯಿಗೆ ಅವಕಾಶವೇ ಕೊಡಲಿಲ್ಲ. ಮೆಷಿನ್ನಿನ ರಬ್ಬರ್ ರಿಂಗ್ ಸೋರುವುದು, ನಿನ್ನ ಎಡ ಮಂಡಿ, ಅಣ್ಣನ ಎರಡನೆಯ ಮಗಳು ಗಣಿತದಲ್ಲಿ ಫೇಲಾದದ್ದು, ಯಜಮಾನರು ಸಕ್ಕರೆ ಡಬ್ಬಿಗೆ 'ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ' ಎಂದು ಚೀಟಿ ಅಂಟಿಸಿದ್ದು. ಇಪ್ಪತ್ತೈದು ನಿಮಿಷ. ನಾನು ಕೇಳುತ್ತಾ ಸ್ವಲ್ಪ ಸ್ವಲ್ಪವೇ ಕುಡಿಯುತ್ತಿದ್ದೆ. ಕೊನೆಯ ಗುಟುಕು ಕೂಡ ಬಿಸಿಯಿತ್ತು.

ಆಗ ಗೊತ್ತಾಯಿತು ಕಣೇ. ನಾಲಿಗೆಗೆಂದು ನಾನು ಅಷ್ಟು ಬಿಸಿ ಕೇಳುತ್ತಿರಲಿಲ್ಲ. ನಿನ್ನ ಮಾತು ಮುಗಿಯುವವರೆಗೆ ಕಾಫಿ ಆರಬಾರದು, ಅದಕ್ಕೆ. ಗಟ್ಟಿ ನೊರೆ ಅದರ ಮುಚ್ಚಳ. ಒಬ್ಬಳೇ ಕುಡಿಯುವವಳಿಗೆ ಅರವತ್ತೈದು ಡಿಗ್ರಿ ಸಾಕು.

ಇದನ್ನು ಅಲ್ಲೇ ಹೇಳಬೇಕಿತ್ತು. ಅಷ್ಟರಲ್ಲಿ ಸಾಲು ಬೆಳೆದಿತ್ತು, ನೀನು ಎದ್ದು ಹೋದೆ.

ಸಂಪಾದಕರಿಗೆ ಕೊನೆಯ ಅಂಕಣ ಕೊಟ್ಟಿದ್ದೇನೆ. ಆದದ್ದನ್ನೆಲ್ಲ ಬರೆದಿದ್ದೇನೆ. ನಾಲ್ಕು ಅಂಕವನ್ನು ಹಿಂದಕ್ಕೆ ಪಡೆದಿದ್ದೇನೆ, ಒಂಬತ್ತನ್ನು ಹಾಕಿಲ್ಲ. ನಿನ್ನ ಕಪ್ಪಿಗೆ ಅಂಕ ಹಾಕುವ ಅರ್ಹತೆ ನನಗಿಲ್ಲ ಎಂದಿದ್ದೇನೆ. ಅಂದರೆ ಪಟ್ಟಿಯಲ್ಲಿ ನಿಮ್ಮ ಹೆಸರು ಇರುವುದಿಲ್ಲ. ನಿನ್ನ ಕೆಲಸವನ್ನು ಉಳಿಸುವ ದಾರಿ ಕೈಯಲ್ಲಿತ್ತು, ನಾನು ಎರಡನೆಯ ಕಪ್ ಕೇಳಿ ಅದನ್ನು ಕೆಡಿಸಿದೆ. ಸರಿ ಮಾಡಿದೆನೋ ಇಲ್ಲವೋ ನಿಜಕ್ಕೂ ತಿಳಿಯುತ್ತಿಲ್ಲ. ಬೈಯಬೇಕೆಂದಿದ್ದರೆ ಬರೆದು ಬೈ. ಬರೆಯದೆ ಇರಬೇಡ.

ಈಗ ಯಾವ ಅಂಕಣವೂ ಇಲ್ಲದ,
ತಕ್ಕಡಿ


ಸೆಪ್ಟೆಂಬರ್ ೧೯

ಲೇ ತಕ್ಕಡಿ,

ಬರೆಯೋಕೆ ಪುರುಸೊತ್ತೆಲ್ಲಿ ಕೊಟ್ಟೆ ನೀನು?

ಪಟ್ಟಿ ಬಂತು, ನಾವಿಲ್ಲ. ಯಜಮಾನರು ಒಂದು ದಿನ ಊಟ ಮಾಡಲಿಲ್ಲ. ನಾನು ಹಿಂದುಗಡೆ ಹೋಗಿ ಸೋಪಿನ ನೀರಲ್ಲಿ ಕೈ ಇಟ್ಟಿದ್ದೆ, ಒಂದು ವಾರ. ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ತೊಳೆದ ಕಪ್ಪೆಲ್ಲ ಎರಡೆರಡು ಸಲ ತೊಳೆದೆ.

ಆಮೇಲೆ ನಿನ್ನ ಕೊನೇ ಅಂಕಣ ಓದಿದವರು ಬರೋಕೆ ಶುರುವಾಯ್ತು. "ಆ ನಾಲ್ಕು ಅಂಕದ್ದು ಕೊಡಿ." ಮೊದಲನೇ ದಿನ ಐದು ಜನ. ಹೊಸ ಹುಡುಗಿ ನೊರೆ ಗಟ್ಟಿ ಮಾಡಕ್ಕೆ ಹೋಗಿ ಅಂಗಿಯೆಲ್ಲ ಹಾಲು ಮಾಡ್ಕೊಂಡು, "ಅಕ್ಕಾ, ಇದು ನನ್ ಕೈಲಾಗಲ್ಲ, ನೀವೇ ಬನ್ನಿ" ಅಂದಳು. ಬಂದೆ. ಹಿಂದೆ ಹೋಗಿಲ್ಲ. ಯಜಮಾನರು ನಿನ್ನ ಹಳೇ ಚೀಟಿ ಕಿತ್ತು, ಹೊಸ ಫಲಕ ಬರೆದು ಹಾಕಿದಾರೆ: "ಕುದಿ ಕ್ಯಾಪುಚಿನೊ. ಎಂಬತ್ತು ಡಿಗ್ರಿ. ಇಬ್ಬರು ಬಂದರೆ ಮಾತ್ರ ಕೊಡಲಾಗುವುದು." ಒಬ್ಬರೇ ಬಂದರೆ ಕೊಡಲ್ಲ ಕಣೇ, ಏನು ಹೇಳಿದ್ರೂ ಕೊಡಲ್ಲ! ಮೊನ್ನೆ ಇಬ್ಬರು ಅಪರಿಚಿತರು ಕಪ್ಪಿನ ಆಸೆಗೆ ಒಂದೇ ಮೇಜಲ್ಲಿ ಕೂತು, ಏನು ಮಾತಾಡಬೇಕು ಅಂತ ಗೊತ್ತಾಗದೆ ಮುಖ ಮುಖ ನೋಡ್ಕೋತಿದ್ರು. ಥರ್ಮಾಮೀಟರ್ ಮಾತ್ರ ಹಾಗೇ ಇದೆ. ಸಹಿ ಹಾಕ್ತಾನೇ ಇದೀನಿ.

ಇರಲಿ. ಎಂಟು ವರ್ಷ ನೀನು ಎಲ್ಲರಿಗೂ ಅಂಕ ಹಾಕಿದೆ. ಗಿರಾಕಿಗೆ ಯಾರೂ ಹಾಕಲಿಲ್ಲ. ನಾನು ಹಾಕ್ತೀನಿ, ಕೇಳು.

ಬಾಗಿಲವರೆಗೂ ಹೋಗಿ ವಾಪಸು ಬಂದು ಕೂತದ್ದಕ್ಕೆ ಎರಡು. ಎಲ್ಲರ ಮುಂದೆ ನಾನೇ ಬರೆದವಳು ಅಂದದ್ದಕ್ಕೆ ಎರಡು. ಮೆಷಿನ್ನು ಸದ್ದು ಮಾಡ್ತಿರಲಿಲ್ಲ ಕಣೇ, ನಾನು ಆಫ್ ಮಾಡಿದ್ದೆ, ಎಲ್ಲ ಕೇಳಿಸ್ತು. ಸಮಯಕ್ಕೆ ಸೊನ್ನೆ: ಹನ್ನೊಂದು ವರ್ಷ ತಡ. ಕ್ಷಮೆ ಕೇಳಿದ್ದಕ್ಕೂ ಸೊನ್ನೆ: ಕಾಗದದಲ್ಲಿ ಅಷ್ಟುದ್ದ ಬರೆದವಳು ಎದುರಿಗೆ ಕೂತಾಗ ಒಂದು ಸಾಲು ಹೇಳಲಿಲ್ಲ. ನಾನು ಮಾತು ನಿಲ್ಲಿಸಲಿಲ್ಲ, ನಿಜ. ನೀನು ಅಡ್ಡ ಬಾಯಿ ಹಾಕಬಹುದಿತ್ತು. ಆ ಚಪ್ಪಲಿಯ ವಿಷಯಕ್ಕೆ ಒಂದು ಹಾಕಿದ್ದೆ, ಹೊಡೆದು ಹಾಕಿದೆ.

ಒಟ್ಟು ಹತ್ತಕ್ಕೆ ನಾಲ್ಕು.

ಮರುಮೌಲ್ಯಮಾಪನ ಬೇಕಾದರೆ ಪತ್ರದ ಮೂಲಕ ನಡೆಯಲ್ಲ. ಖುದ್ದಾಗಿ ಹಾಜರಾಗಬೇಕು. ನಾಲ್ಕು ಗಂಟೆಗೆ ಸಾಲು ಕಡಿಮೆ ಇರತ್ತೆ. ಒಬ್ಬಳೇ ಬಂದರೂ ಪರವಾಗಿಲ್ಲ, ಯಜಮಾನರಿಗೆ ಹೇಳಿಟ್ಟಿದೀನಿ. ಇನ್ನೊಬ್ಬಳು ಇಲ್ಲೇ ಇರ್ತಾಳೆ ಅಂತ.

ಬಾಗಿಲ ಹತ್ತಿರದ ಕುರ್ಚಿಯಿಂದ ಜನರನ್ನ ಎಬ್ಬಿಸ್ತಾ ಇರುವ,
ಗುಂಡುಪಿನ್